ಕರೆದರೆ ತಾನೇ ಜನ ಬರೋದು

"ಜನಕ್ಕೆ ಏನೂ ಬೇಕಾಗಿಲ್ಲ ಬಿಡಿ." ಸಾರ್ವಜನಿಕ ಕೆಲಸಕ್ಕೆ ಕೈ ಹಾಕಿದವರ ಬಾಯಲ್ಲಿ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸಭೆ ಕರೆದರೆ ಕುರ್ಚಿಗಳು ಖಾಲಿ. ಮನವಿಗೆ ಸಹಿ ಹಾಕಿ ಎಂದರೆ 'ಆಮೇಲೆ ನೋಡೋಣ' ಎಂಬ ಉತ್ತರ. ಅದೇ ಜನ ಸರ್ಕಾರವನ್ನು ಬೈಯೋದಕ್ಕೆ ಮಾತ್ರ ಸದಾ ಸಿದ್ಧ. ಇದನ್ನೆಲ್ಲ ನೋಡಿದವರಿಗೆ ಜನಕ್ಕೆ ಆಸಕ್ತಿಯೇ ಇಲ್ಲ ಅನಿಸುವುದು ಸಹಜ. ಆದರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ, ಯಾಕೆ ಎಂದು ಕೂತು ಲೆಕ್ಕ ಹಾಕಿದವರಿಗೆ ಸಿಕ್ಕ ಉತ್ತರ ಬೇರೆಯೇ ಇದೆ.

1983ರ ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ ಅಣ್ವಸ್ತ್ರ ಕ್ಷಿಪಣಿಗಳ ವಿರುದ್ಧ ಮೆರವಣಿಗೆ ನಡೆಯಿತು. ಸುಮಾರು ಐದೂವರೆ ಲಕ್ಷ ಜನ ಸೇರಿದ್ದರು. ಅಷ್ಟು ದೊಡ್ಡ ಪ್ರತಿಭಟನೆಯನ್ನು ಆ ದೇಶ ಅದುವರೆಗೆ ಕಂಡಿರಲಿಲ್ಲ. ಬರ್ಟ್ ಕ್ಲಾಂಡರ್‌ಮನ್ಸ್ ಮತ್ತು ಡಿರ್ಕ್ ಊಗೆಮಾ ಎಂಬ ಸಂಶೋಧಕರು ಆಮ್‌ಸ್ಟರ್‌ಡಾಮ್ ಹತ್ತಿರದ ಒಂದು ಊರಿನ ಜನರನ್ನು ಮೆರವಣಿಗೆಗೆ ಮೊದಲು ಮಾತಾಡಿಸಿದರು, ಆದ ಮೇಲೂ ಮಾತಾಡಿಸಿದರು. ಮೆರವಣಿಗೆಯ ಉದ್ದೇಶ ಸರಿ ಎಂದವರು ನೂರಕ್ಕೆ ಸುಮಾರು 75. ಒಂದಲ್ಲ ಒಂದು ರೀತಿಯಲ್ಲಿ ಕರೆ ತಲುಪಿದ್ದು ಸುಮಾರು 60 ಮಂದಿಗೆ. ಹೋಗಬೇಕು ಎಂದು ಮನಸ್ಸು ಮಾಡಿದವರು ಸುಮಾರು 10. ನಿಜವಾಗಿ ಹೋದವರು ಸುಮಾರು 4.

ಇದು ಸೋತ ಪ್ರತಿಭಟನೆಯ ಲೆಕ್ಕ ಅಲ್ಲ, ಇತಿಹಾಸ ಮಾಡಿದ ಪ್ರತಿಭಟನೆಯ ಲೆಕ್ಕ. ಒಪ್ಪಿದವರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದದ್ದನ್ನು ಆಸಕ್ತಿಯ ಕೊರತೆ ಎನ್ನಲು ಆಗುವುದಿಲ್ಲ. ಅರವತ್ತರಿಂದ ಹತ್ತಕ್ಕೆ ಇಳಿದದ್ದನ್ನು ಗಮನಿಸಿ. ಭಿತ್ತಿಪತ್ರ ಕಣ್ಣಿಗೆ ಬಿದ್ದಿದೆ, ಸುದ್ದಿ ಕಿವಿಗೆ ಬಿದ್ದಿದೆ. ಆದರೂ ಅದು 'ನನ್ನನ್ನು ಕರೆದರು' ಅನಿಸಿಲ್ಲ.

ಅಮೆರಿಕದ ರಾಜಕೀಯ ವಿಜ್ಞಾನಿಗಳಾದ ಸಿಡ್ನಿ ವರ್ಬಾ, ಕೇ ಶ್ಲೋಜ್‌ಮನ್ ಮತ್ತು ಹೆನ್ರಿ ಬ್ರೇಡಿ 1995ರಲ್ಲಿ ಇದನ್ನೇ ಸರಳವಾಗಿ ಹೇಳಿದರು. ಜನ ಸಾರ್ವಜನಿಕ ಕೆಲಸಕ್ಕೆ ಬಾರದಿರಲು ಮೂರು ಕಾರಣ: ಅವರಿಂದ ಆಗುವುದಿಲ್ಲ, ಅವರಿಗೆ ಮನಸ್ಸಿಲ್ಲ, ಇಲ್ಲವೇ ಅವರನ್ನು ಯಾರೂ ಕೇಳಿಲ್ಲ. ನಾವು ಮೊದಲ ಎರಡರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಮೂರನೆಯದನ್ನು ಮರೆತೇ ಬಿಡುತ್ತೇವೆ. ಯಾಕೆಂದರೆ ಅಲ್ಲಿ ತಪ್ಪು ಕರೆಯಬೇಕಾದವರದ್ದು!

ನಾನೊಬ್ಬ ಹೋಗದಿದ್ರೆ ಏನಾಗುತ್ತೆ?

ಮನೆಯಲ್ಲೇ ಉಳಿಯುವವರ ಲೆಕ್ಕವೂ ದಡ್ಡ ಲೆಕ್ಕವೇನಲ್ಲ. ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಅದನ್ನು ಬಿಡಿಸಿಟ್ಟರು. ಗಾಳಿ ಶುದ್ಧವಾದರೆ ಹೋರಾಡಿದವರಿಗೂ ಅದೇ ಗಾಳಿ, ಸುಮ್ನೆ ಕೂತವರಿಗೂ ಅದೇ ಗಾಳಿ. ಹೋರಾಡುವವನಿಗೆ ಸಮಯ ಹೋಗುತ್ತದೆ, ದುಡ್ಡು ಹೋಗುತ್ತದೆ, ಕೆಲವೊಮ್ಮೆ ನೆಮ್ಮದಿಯೂ ಹೋಗುತ್ತದೆ. ಅವನೊಬ್ಬ ಬಾರದಿದ್ದರೆ ಫಲಿತಾಂಶವೇನೂ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಎಲ್ಲರೂ ಬೇರೆಯವರು ಹೋಗಲಿ ಎಂದು ಕಾಯುತ್ತಾರೆ.

ಈ ಲೆಕ್ಕದ ಇನ್ನೊಂದು ಬದಿಯೂ ಇದೆ. ಒಂದು ನಿಯಮ ಬದಲಾದರೆ ನಾಲ್ಕೈದು ಕಂಪನಿಗಳಿಗೆ ಭಾರಿ ಲಾಭ, ಲಕ್ಷಾಂತರ ಜನರಿಗೆ ತಲಾ ಒಂದಿಷ್ಟು ನಷ್ಟ ಎಂದುಕೊಳ್ಳಿ. ಆ ಕಂಪನಿಗಳು ವಕೀಲರನ್ನು ಇಡುತ್ತವೆ, ಮಂತ್ರಿಗಳ ಬಾಗಿಲಿಗೆ ಹೋಗುತ್ತವೆ, ಕರಡಿನ ಒಂದೊಂದು ಸಾಲನ್ನೂ ಓದುತ್ತವೆ. ಲಕ್ಷಾಂತರ ಜನಕ್ಕೆ ಕರಡು ಬಂದದ್ದೇ ಗೊತ್ತಿರುವುದಿಲ್ಲ. ಇದಕ್ಕೆ ಪಿತೂರಿ ಬೇಕಾಗಿಲ್ಲ. ಲಾಭ ಕೆಲವರ ಕೈಯಲ್ಲಿ ಗುಡ್ಡೆಯಾಗಿದ್ದು ನಷ್ಟ ಎಲ್ಲರ ಮೇಲೆ ಚದುರಿದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆ. ಹಾಗಾಗಿ ಸಾಮಾನ್ಯ ಜನ ಸುಮ್ಮನಿದ್ದಾಗ ಸರ್ಕಾರದ ಕಿವಿ ಖಾಲಿ ಇರುತ್ತದೆ ಎಂದು ಭಾವಿಸಬಾರದು. ಆ ಕಿವಿಯ ಹತ್ತಿರ ಇನ್ಯಾರೋ ಮಾತಾಡುತ್ತಲೇ ಇರುತ್ತಾರೆ.

ಆದರೆ ಓಲ್ಸನ್ ಲೆಕ್ಕವೇ ಪೂರ್ತಿ ಸತ್ಯವಾಗಿದ್ದರೆ ಚಳವಳಿಗಳೇ ನಡೆಯಬಾರದಿತ್ತು, ಅಲ್ವಾ? ನಡೆದಿವೆ. ಪ್ರಾಣ ಹೋಗುವ ಭಯ ಇದ್ದಲ್ಲೂ ನಡೆದಿವೆ.

1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಆಂದೋಲನ ನಡೆಯಿತು. ಹೆಚ್ಚಾಗಿ ಉತ್ತರದ ಕಾಲೇಜುಗಳ ಬಿಳಿಯ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಅರ್ಜಿ ಹಾಕಿದ್ದರು. ಜೂನ್‌ನಲ್ಲೇ ಮೂವರು ಕಾರ್ಯಕರ್ತರ ಕೊಲೆಯಾಯಿತು. ಒಪ್ಪಿಗೆ ಸಿಕ್ಕ ಸುಮಾರು ಒಂದು ಸಾವಿರ ಮಂದಿಯಲ್ಲಿ ಕಾಲು ಭಾಗದಷ್ಟು ಜನ ಕೊನೆಗೆ ಹೋಗಲಿಲ್ಲ. ವರ್ಷಗಳ ನಂತರ ಡಗ್ ಮ್ಯಾಕಾಡಮ್ ಎಂಬ ಸಮಾಜಶಾಸ್ತ್ರಜ್ಞರಿಗೆ ಆ ಹಳೆಯ ಅರ್ಜಿಗಳು ಸಿಕ್ಕವು. ಹೋದವರಿಗೂ ಹಿಂದೆ ಸರಿದವರಿಗೂ ಏನು ವ್ಯತ್ಯಾಸ ಎಂದು ಹುಡುಕಿದರು. ಹೋದವರ ನಂಬಿಕೆ ಗಟ್ಟಿ, ಹಿಂದೆ ಸರಿದವರದ್ದು ಸಡಿಲ ಇರಬೇಕು ಎಂದು ನಾವು ಊಹಿಸುತ್ತೇವೆ. ಹಾಗಿರಲಿಲ್ಲ. ಯಾಕೆ ಬರುತ್ತೀರಿ ಎಂಬ ಪ್ರಶ್ನೆಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಆವೇಶದಲ್ಲಿ ಬರೆದಿದ್ದರು.

ವ್ಯತ್ಯಾಸ ಇದ್ದದ್ದು ಅರ್ಜಿಯ ಬೇರೊಂದು ಜಾಗದಲ್ಲಿ. ನಿಮ್ಮ ಕೆಲಸದ ಬಗ್ಗೆ ಯಾರಿಗೆಲ್ಲ ತಿಳಿಸಬೇಕು, ಹತ್ತು ಹೆಸರು ಬರೆಯಿರಿ ಎಂದು ಕೇಳಲಾಗಿತ್ತು. ಹೋದವರ ಪಟ್ಟಿಯಲ್ಲಿ ಅದೇ ಆಂದೋಲನಕ್ಕೆ ಹೊರಟಿದ್ದ ಬೇರೆಯವರ ಹೆಸರು ಜಾಸ್ತಿ ಇದ್ದವು. ಅಂದರೆ ಗೆಳೆಯರು ಹೊರಟಿದ್ದರು, ಆದ್ದರಿಂದ ಇವರೂ ಹೊರಟರು. ನಾನು ಹೋಗದಿದ್ರೆ ಏನಾಗುತ್ತೆ ಎಂಬ ಪ್ರಶ್ನೆಗೆ ಆಗ ಉತ್ತರ ಇರುತ್ತದೆ: ನನ್ನ ಗೆಳತಿ ಒಬ್ಬಳೇ ಹೋಗಬೇಕಾಗುತ್ತದೆ.

ಪ್ರಾಣದ ಹಂಗಿಲ್ಲದ ಕೆಲಸದಲ್ಲೂ ಇದೇ ಕಾಣುತ್ತದೆ. ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ಸಂಶೋಧಕರು 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಸುಮಾರು 30 ಸಾವಿರ ಮತದಾರರ ಮೇಲೆ ಪ್ರಯೋಗ ಮಾಡಿದರು. ಕೆಲವರ ಮನೆಗೆ ಹೋಗಿ 'ಬಂದು ಮತ ಹಾಕಿ' ಎಂದರು. ಕೆಲವರಿಗೆ ಅಂಚೆ ಕಳಿಸಿದರು. ಕೆಲವರಿಗೆ ಕಾಲ್ ಸೆಂಟರ್‌ನಿಂದ ಫೋನ್ ಮಾಡಿಸಿದರು. ಅಂಚೆಯಿಂದ ಅಲ್ಪಸ್ವಲ್ಪ ಪರಿಣಾಮ ಆಯಿತು. ಫೋನಿನಿಂದ ಏನೂ ಆಗಲಿಲ್ಲ. ಬಾಗಿಲಲ್ಲಿ ನಿಂತು ಮಾತಾಡಿಸಿದವರ ಮತದಾನ ಮಾತ್ರ ಎದ್ದು ಕಾಣುವಷ್ಟು, ನೂರಕ್ಕೆ ಎಂಟೊಂಬತ್ತರಷ್ಟು, ಏರಿತು. ಯಾರಿಗೆ ಮತ ಹಾಕಿ ಎಂದೂ ಹೇಳಿರಲಿಲ್ಲ. ಬರೀ 'ಬನ್ನಿ' ಎಂದಿದ್ದರು, ಅಷ್ಟೇ.

ಏನು ಕೇಳಬೇಕು ಎಂಬುದು ಅರ್ಧ ಕೆಲಸ

'ವ್ಯವಸ್ಥೆ ಬದಲಾಗಬೇಕು, ಎಲ್ಲರೂ ಕೈಜೋಡಿಸಿ' ಎಂಬ ಕರೆಗೆ ಯಾರೂ ಬೇಡ ಅನ್ನುವುದಿಲ್ಲ. ಯಾರೂ ಬರುವುದೂ ಇಲ್ಲ. ಕೈ ಎಲ್ಲಿಡಬೇಕು ಎಂದೇ ಅದರಲ್ಲಿ ಇಲ್ಲವಲ್ಲ.

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗಮರಿ ನಗರದಲ್ಲಿ ಏನು ಕೇಳಿದರು ನೋಡಿ. 1955ರ ಡಿಸೆಂಬರ್ 1, ಗುರುವಾರ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ ಎಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆಯ ಬಂಧನವಾಯಿತು. ಅಲ್ಲಿಂದ ಮುಂದೆ ಎಲ್ಲರಿಗೂ ನೆನಪಿರುವುದು ಮಾರ್ಟಿನ್ ಲೂಥರ್ ಕಿಂಗ್ ಹೆಸರು. ಆದರೆ ಅದೇ ರಾತ್ರಿ ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಜೋ ಆ್ಯನ್ ರಾಬಿನ್‌ಸನ್ ಎಂಬ ಇಂಗ್ಲಿಷ್ ಅಧ್ಯಾಪಕಿ ತಮ್ಮ ವಿದ್ಯಾರ್ಥಿಗಳಿಬ್ಬರನ್ನು ಕೂರಿಸಿಕೊಂಡು, ಸಹೋದ್ಯೋಗಿಯೊಬ್ಬರ ನೆರವಿನಿಂದ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರ ತೆಗೆದರು. ಅದರಲ್ಲಿದ್ದ ಕೋರಿಕೆ ಒಂದೇ: ಬರುವ ಸೋಮವಾರ ಬಸ್ ಹತ್ತಬೇಡಿ. ಒಂದೇ ದಿನ. ಬೆಳಗಾಗುವಷ್ಟರಲ್ಲಿ ಕರಪತ್ರದ ಕಟ್ಟುಗಳು ಕಪ್ಪು ಮಹಿಳೆಯರ ಸಂಘಟನೆಯಾದ ಮಹಿಳಾ ರಾಜಕೀಯ ಮಂಡಳಿಯ ಸದಸ್ಯೆಯರ ಕೈ ಸೇರಿ ಶಾಲೆ, ಅಂಗಡಿ, ಕ್ಷೌರದಂಗಡಿ, ಕಾರ್ಖಾನೆಗಳಿಗೆ ಹೊರಟವು.

ಒಂದು ರಾತ್ರಿಯಲ್ಲಿ ಇಷ್ಟೆಲ್ಲ ಹೇಗಾಯಿತು? ಆಗಲಿಲ್ಲ, ಅದಕ್ಕೆ ವರ್ಷಗಳೇ ಹಿಡಿದಿದ್ದವು. ರಾಬಿನ್‌ಸನ್ 1954ರ ಮೇ ತಿಂಗಳಲ್ಲೇ ಮೇಯರ್‌ಗೆ ಪತ್ರ ಬರೆದಿದ್ದರು. ನಿಮ್ಮ ಬಸ್ಸುಗಳಲ್ಲಿ ಓಡಾಡುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನರಾದ ನಾವೇ, ನಾವು ಹತ್ತದಿದ್ದರೆ ಬಸ್ ನಡೆಯದು ಎಂದು ಅದರಲ್ಲಿ ತಿಳಿಸಿದ್ದರು. ಯಾರಿಗೆ ಎಷ್ಟು ಕಟ್ಟು ಕೊಡಬೇಕು, ಯಾರು ಎಲ್ಲಿ ಹಂಚಬೇಕು ಎಂಬ ಜಾಲ ಮೊದಲೇ ತಯಾರಿತ್ತು. ಬಂಧನದ ಸುದ್ದಿ ಬಂದಾಗ ಗುಂಡಿ ಒತ್ತುವುದಷ್ಟೇ ಬಾಕಿ. ಒಂದು ದಿನದ ಬಹಿಷ್ಕಾರ ಗೆದ್ದ ಸಂಜೆಯೇ ಮುಂದುವರಿಸೋಣ ಎಂದು ಸಭೆ ತೀರ್ಮಾನಿಸಿತು. ಅದು 381 ದಿನ ನಡೆಯಿತು, ಬಸ್ಸಿನಲ್ಲಿನ ವರ್ಣಭೇದ ಸಂವಿಧಾನಬಾಹಿರ ಎಂಬ ಸುಪ್ರೀಂ ಕೋರ್ಟ್ ಆದೇಶ ಊರಿಗೆ ತಲುಪುವ ತನಕ. 381 ದಿನ ನಡೆದುಕೊಂಡೇ ಓಡಾಡಿ ಎಂದು ಮೊದಲ ದಿನವೇ ಕೇಳಿದ್ದರೆ ಎಷ್ಟು ಜನ ಒಪ್ಪುತ್ತಿದ್ದರೋ!

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದೆ. ನನಗೆ ಇದು ಮಾಂಟ್‌ಗಮರಿಗಿಂತಲೂ ಹೆಚ್ಚು ಇಷ್ಟ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕೂಲಿಕಾರರ ಕನಿಷ್ಠ ವೇತನಕ್ಕಾಗಿ ಹೋರಾಡುತ್ತಿತ್ತು. ಬರ ಪರಿಹಾರದ ಕಾಮಗಾರಿಗಳಲ್ಲಿ ದುಡಿದವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ 'ನೀವು ಅಷ್ಟು ಕೆಲಸ ಮಾಡಿಲ್ಲ' ಎಂಬ ಉತ್ತರ. ದಾಖಲೆ ತೋರಿಸಿ ಎಂದರೆ ಅದು ಗುಪ್ತ. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಸಂಘಟನೆ ಮೊದಲ ಜನ ಸುನವಾಯಿ, ಅಂದರೆ ಊರವರ ಎದುರಿನ ಬಹಿರಂಗ ವಿಚಾರಣೆ, ನಡೆಸಿತು. ಕಷ್ಟಪಟ್ಟು ಪಡೆದ ಹಾಜರಿ ಪಟ್ಟಿ, ಬಿಲ್ಲು, ವೋಚರ್‌ಗಳನ್ನು ಊರ ನಡುವೆ ಮೈಕಿನಲ್ಲಿ ಗಟ್ಟಿಯಾಗಿ ಓದಿದರು.

ಸಭೆಗೆ ಬಂದವರು ಕಾನೂನು ತಿಳಿದಿರಬೇಕಾಗಿರಲಿಲ್ಲ, ಭಾಷಣ ಮಾಡಬೇಕಾಗಿರಲಿಲ್ಲ. ತಮ್ಮ ಹೆಸರು ಬಂದಾಗ ಇಷ್ಟು ದಿನ ದುಡಿದದ್ದು ಹೌದೇ, ಇಷ್ಟು ದುಡ್ಡು ಕೈಗೆ ಬಂದದ್ದು ಹೌದೇ ಎಂದು ಹೇಳಿದರೆ ಸಾಕಿತ್ತು. ಅದು ಊರಿನವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಂಥ ಸಭೆಗಳಲ್ಲಿ ಓದಿದ ಪಟ್ಟಿಗಳಲ್ಲಿ ಸತ್ತವರು ದುಡಿದಿದ್ದರು, ಊರಲ್ಲೇ ಇಲ್ಲದವರು ಕೂಲಿ ಪಡೆದಿದ್ದರು, ಕಟ್ಟದ ಕಟ್ಟಡಕ್ಕೆ ಬಿಲ್ಲಾಗಿತ್ತು. ಇಂಥ ದಾಖಲೆಗಳನ್ನು ಜನರಿಗೆ ಕೊಡಿ ಎಂದು 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. ಈ ಸಣ್ಣ ಹಳ್ಳಿಗಳಿಂದ ಹೊರಟ ಬೇಡಿಕೆ ದೇಶದ ತುಂಬ ಹಬ್ಬಿ 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆಯಾಗಿ ಬಂತು. ಕೂಲಿಯ ಲೆಕ್ಕ ಕೇಳಲು ಬಂದವರು ಎಲ್ಲಿಗೆ ಮುಟ್ಟಿಸಿದರು ನೋಡಿ!

ಸಹಿ ಎಷ್ಟು, ತೂಕ ಎಷ್ಟು

ಈಗ ಸಹಿ ಹಾಕುವುದು ಸುಲಭ. ಬೆರಳು ಒತ್ತಿದರೆ ಆಯಿತು. ಬ್ರಿಟನ್‌ನ ಸಂಸತ್ತಿನ ಜಾಲತಾಣದಲ್ಲಿ ಮನವಿಗೆ 10 ಸಾವಿರ ಸಹಿ ಬಂದರೆ ಸರ್ಕಾರ ಉತ್ತರ ಕೊಡುತ್ತದೆ, ಒಂದು ಲಕ್ಷ ಬಂದರೆ ಚರ್ಚೆಗೆ ಪರಿಗಣಿಸುತ್ತಾರೆ. ಐರೋಪ್ಯ ಒಕ್ಕೂಟದಿಂದ ಹೊರಹೋಗುವ ನಿರ್ಧಾರವನ್ನು ಕೈಬಿಡಿ ಎಂದು 2019ರಲ್ಲಿ ಬಂದ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸರ್ಕಾರ ಆಗುವುದಿಲ್ಲ ಎಂದು ಉತ್ತರಿಸಿತು. ಏಪ್ರಿಲ್ 1ರಂದು ಚರ್ಚೆಯೂ ಆಯಿತು. ಅಲ್ಲಿಗೆ ಮುಗಿಯಿತು.

ಇದರ ಪಕ್ಕದಲ್ಲಿ 1893ರ ನ್ಯೂಜಿಲೆಂಡ್ ಇಡಿ. ಮಹಿಳೆಯರಿಗೆ ಮತದ ಹಕ್ಕು ಕೊಡಿ ಎಂದು ಕೇಟ್ ಶೆಪರ್ಡ್ ಮತ್ತು ಅವರ ಜೊತೆಗಾರ್ತಿಯರು ದೇಶವಿಡೀ ಸಹಿ ಸಂಗ್ರಹಿಸಿದರು. 1891ರಲ್ಲಿ 9 ಸಾವಿರಕ್ಕೂ ಹೆಚ್ಚು, 1892ರಲ್ಲಿ ಸುಮಾರು 20 ಸಾವಿರ, 1893ರಲ್ಲಿ ಸುಮಾರು 32 ಸಾವಿರ. ಕಡೆಯ ಸಲ ಬಂದ ದೊಡ್ಡ ಮನವಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಪೊರಕೆ ಕೋಲಿನ ತುಂಡಿಗೆ ಸುತ್ತಿದರು. ಸುರುಳಿಯ ಉದ್ದ ಸುಮಾರು 270 ಮೀಟರ್. ಸರ್ ಜಾನ್ ಹಾಲ್ ಎಂಬ ಸಂಸದರು ಅದನ್ನು ಸದನದ ನಡುದಾರಿಯಲ್ಲಿ ಉರುಳಿಸಿ ಬಿಚ್ಚಿದರು. ಅದೇ ಸೆಪ್ಟೆಂಬರ್ 19ರಂದು ಕಾಯ್ದೆ ಬಂತು.

60 ಲಕ್ಷ ಸೋತು 32 ಸಾವಿರ ಗೆದ್ದದ್ದು ಯಾಕೆ? ದೇಶದ ಗಾತ್ರ ಒಂದು ಕಾರಣ. ಆ 32 ಸಾವಿರ ಎಂದರೆ ಅಲ್ಲಿನ ಯುರೋಪಿಯನ್ ಮೂಲದ ವಯಸ್ಕ ಮಹಿಳೆಯರಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಆದರೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಪ್ರತಿ ಸಹಿಗೂ ಒಬ್ಬರು ಹಾಳೆ ಹಿಡಿದು ಹೋಗಿದ್ದರು, ಮಾತಾಡಿದ್ದರು. ಸಹಿ ಹಿಡಿದು ಸದನದಲ್ಲಿ ನಿಲ್ಲಲು ಒಳಗಿನವರೇ ಒಬ್ಬರು ಇದ್ದರು. ಎರಡು ಸಲ ಆಗದಿದ್ದಾಗ ಮೂರನೇ ಸಲವೂ ಬಂದರು, ಜಾಸ್ತಿಯಾಗಿ ಬಂದರು. ಅದೃಷ್ಟವೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಮೇಲ್ಮನೆಯಲ್ಲಿ ಮಸೂದೆ ಗೆದ್ದದ್ದು 20-18ರಲ್ಲಿ. ಪ್ರಧಾನಿ ಸೆಡನ್ ಮತ ತಿರುಗಿಸಲು ಆಡಿದ ಆಟ ನೋಡಿ ಸಿಟ್ಟಾದ ಇಬ್ಬರು ವಿರೋಧಿ ಸದಸ್ಯರು ಮಸೂದೆಯ ಪರ ಮತ ಹಾಕಿದ್ದರಿಂದ ಹಾಗಾಯಿತು. ಹಿಂದಿನ ಎರಡು ವರ್ಷದ ಕೆಲಸ ಇರದಿದ್ದರೆ ಆ ಅದೃಷ್ಟ ಬಂದರೂ ಉಪಯೋಗಕ್ಕೆ ಬರುತ್ತಿರಲಿಲ್ಲ.

ಸುಲಭದ ಸಹಿಗೆ ಇನ್ನೊಂದು ರೋಗವಿದೆ. 2017ರಲ್ಲಿ ಅಮೆರಿಕದ ಸಂವಹನ ಆಯೋಗ ಇಂಟರ್ನೆಟ್ ತಟಸ್ಥತೆಯ ನಿಯಮವನ್ನು, ಅಂದರೆ ಇಂಟರ್ನೆಟ್ ಕಂಪನಿಗಳು ಎಲ್ಲ ಜಾಲತಾಣಗಳನ್ನೂ ಸಮಾನವಾಗಿ ಕಾಣಬೇಕು ಎಂಬ ನಿಯಮವನ್ನು, ಕೈಬಿಡುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿತು. 2 ಕೋಟಿ 20 ಲಕ್ಷಕ್ಕೂ ಹೆಚ್ಚು ಅಭಿಪ್ರಾಯ ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ತನಿಖೆ ಮಾಡಿ 2021ರಲ್ಲಿ ಹೇಳಿದ್ದು: ಇವುಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿ. 85 ಲಕ್ಷದಷ್ಟು ಬ್ರಾಡ್‌ಬ್ಯಾಂಡ್ ಉದ್ಯಮದ ದುಡ್ಡಿನಲ್ಲಿ ನಡೆದ ಪ್ರಚಾರದಿಂದ ಬಂದವು. ಎದುರು ಬದಿಯಲ್ಲಿ 19 ವರ್ಷದ ಒಬ್ಬ ವಿದ್ಯಾರ್ಥಿ ಸುಳ್ಳು ಹೆಸರುಗಳಲ್ಲಿ 77 ಲಕ್ಷ ಕಳಿಸಿದ್ದ. ಜನಾಂದೋಲನದ ವೇಷವನ್ನು ದುಡ್ಡು ಕೊಟ್ಟರೆ ಹೊಲಿಸಬಹುದು ಎಂದು ಗೊತ್ತಾದ ಮೇಲೆ ಬರೀ ಸಂಖ್ಯೆಯನ್ನು ಯಾರು ನಂಬುತ್ತಾರೆ? ಒಂದೇ ಒಕ್ಕಣೆಯ ಸಾವಿರ ಮಿಂಚಂಚೆಗಿಂತ, ಈ ನಿಯಮದಿಂದ ನನಗೆ ಏನಾಯಿತು ಎಂದು ಒಬ್ಬರು ತಮ್ಮದೇ ಮಾತಿನಲ್ಲಿ ಬರೆದ ಪತ್ರವೇ ಜನಪ್ರತಿನಿಧಿಗಳ ಕಚೇರಿಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅಮೆರಿಕದ ಸಂಸದರ ಸಿಬ್ಬಂದಿಯೇ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಹೀಗೆ ಹೇಳಿದ್ದಾರೆ.

ಬಂದವರು ಯಾರು?

ಜನ ಬಂದರೆ ಎಲ್ಲ ಒಳ್ಳೆಯದೇ ಆಗುತ್ತದೆ ಎಂದೂ ಹೇಳಲಾಗದು. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಮ್ಯಾಸಚೂಸೆಟ್ಸ್‌ನ ಸುಮಾರು ನೂರು ಊರುಗಳಲ್ಲಿ ಹೊಸ ವಸತಿ ಯೋಜನೆಗಳ ಬಗ್ಗೆ ನಡೆದ ಸಾರ್ವಜನಿಕ ಸಭೆಗಳ ನಡಾವಳಿ ಓದಿದರು. ಎದ್ದು ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆ ಇರುವವರು ಊರಿನಲ್ಲಿ ಅವರ ಪ್ರಮಾಣಕ್ಕಿಂತ ಜಾಸ್ತಿ ಇದ್ದರು. ಮಾತಾಡಿದವರಲ್ಲಿ ಹೊಸ ಮನೆಗಳು ಬೇಡ ಎಂದವರು ನೂರಕ್ಕೆ 60ಕ್ಕೂ ಹೆಚ್ಚು, ಬೇಕು ಎಂದವರು 15ರ ಆಸುಪಾಸು. ಆ ಮನೆಗಳಲ್ಲಿ ಮುಂದೆ ವಾಸಿಸಬೇಕಾದವರು ಸಭೆಯಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಸಭೆ ಎಲ್ಲರಿಗೂ ತೆರೆದಿತ್ತು ಎಂಬುದು ನಿಜ. ತೆರೆದ ಬಾಗಿಲಿನಿಂದ ಬಿಡುವಿದ್ದವರು ಬಂದರು ಎಂಬುದೂ ಅಷ್ಟೇ ನಿಜ.

ದಿನದ ಕೂಲಿ ಬಿಟ್ಟು ಬರಬೇಕಾದವರಿಗೆ, ಮಗುವನ್ನು ಯಾರಿಗಾದರೂ ಒಪ್ಪಿಸಿ ಬರಬೇಕಾದವರಿಗೆ, ಮೈಕ್ ಹಿಡಿದರೆ ನಾಳೆ ಕೆಲಸ ಹೋದೀತು ಎಂಬ ಭಯ ಇರುವವರಿಗೆ ಬರೀ ಕರೆ ಸಾಲದು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್‌ನ ಒಂದು ಭಾಗವನ್ನು ಜನರ ಸಭೆಗಳಲ್ಲೇ ತೀರ್ಮಾನಿಸಲು ಶುರುಮಾಡಿತು. ಅಲ್ಲಿ ಬಡವರು ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರ ಬಡಾವಣೆಯಲ್ಲೇ ಸಭೆ ನಡೆಯುತ್ತಿತ್ತು, ಚರಂಡಿ ಬೇಕೋ ರಸ್ತೆ ಬೇಕೋ ಎಂಬುದು ಅಲ್ಲೇ ನಿರ್ಧಾರವಾಗುತ್ತಿತ್ತು, ನಿರ್ಧಾರವಾದದ್ದು ಮುಂದೆ ಕಣ್ಣೆದುರು ಬರುತ್ತಿತ್ತು. ದಶಕಗಳ ನಂತರ ದುಡ್ಡೂ ರಾಜಕೀಯ ಬೆಂಬಲವೂ ಕುಗ್ಗಿದಾಗ ಆ ಸಭೆಗಳು ಸೊರಗಿದವು. ಹೇಳಿದ್ದು ನಡೆಯುವುದಿಲ್ಲ ಎಂದಾದ ಮೇಲೆ ಯಾಕೆ ಬರಬೇಕು?

ಕರೆಯುವವರು ಎಡವುವ ಇನ್ನೊಂದು ಜಾಗ ಮೊದಲ ಸಭೆಯ ಮರುದಿನ. ರಾಜಕೀಯ ವಿಜ್ಞಾನಿ ಹಾರಿ ಹಾನ್ ಅಮೆರಿಕದ ನಾಗರಿಕ ಸಂಘಟನೆಗಳ ಚುರುಕಾದ ಶಾಖೆಗಳನ್ನೂ ಮಂಕಾದ ಶಾಖೆಗಳನ್ನೂ ಹೋಲಿಸಿ ನೋಡಿದ್ದಾರೆ. ಮಂಕಾದ ಕಡೆ ಒಬ್ಬಿಬ್ಬರು ಎಲ್ಲ ಕೆಲಸ ತಲೆ ಮೇಲೆ ಹೊತ್ತಿದ್ದರು, ಇಲ್ಲವೇ ಆದಷ್ಟು ಹೆಚ್ಚು ಜನರಿಗೆ ಸಂದೇಶ ಕಳಿಸಿ ಎಷ್ಟು ಮಂದಿ ಬಂದರು ಎಂದು ಎಣಿಸುವುದರಲ್ಲೇ ನಿಂತಿದ್ದರು. ಚುರುಕಾದ ಕಡೆ ಜನರನ್ನು ಸೇರಿಸುವುದರ ಜೊತೆಗೆ ಬಂದವರಿಗೆ ಕೆಲಸ ವಹಿಸುತ್ತಿದ್ದರು, ಒಬ್ಬರೇ ಮಾಡುವ ಕೆಲಸ ಅಲ್ಲ, ಇಬ್ಬರು ಮೂವರು ಸೇರಿ ಮಾಡಬೇಕಾದ ಕೆಲಸ. ಆದ ಮೇಲೆ ಕೂತು ಏನು ಸರಿಹೋಯಿತು, ಏನು ಹೋಗಲಿಲ್ಲ ಎಂದು ಮಾತಾಡುತ್ತಿದ್ದರು.

ಇದಕ್ಕೆ ಸಮಯ ಬೇಕು, ಕೆಲಸ ಕೊಡುವವರಿಗೆ ತಾಳ್ಮೆಯೂ ಬೇಕು. ಹೊಸಬರು ಬರೆದ ಮನವಿ ನೀವು ಬರೆದಷ್ಟು ಚೆನ್ನಾಗಿರುವುದಿಲ್ಲ. ಅಧಿಕಾರಿಯ ಎದುರು ತಡವರಿಸುತ್ತಾರೆ, ಹೇಳಬೇಕಾದ್ದನ್ನು ಮರೆಯುತ್ತಾರೆ. ಪಕ್ಕದಲ್ಲಿ ಕೂತ ಹಳಬರಿಗೆ ಬಾಯಿ ತುರಿಸುತ್ತದೆ. ಆ ಹೊತ್ತಿಗೆ ಬಾಯಿ ಹಾಕದೆ ಕೂತಿದ್ದರೆ ಮುಂದಿನ ಸಲ ಆ ಹೊಸಬರೇ ಇನ್ನಿಬ್ಬರನ್ನು ಕರೆದುಕೊಂಡು ಬರುವ ಸಾಧ್ಯತೆ ಹೆಚ್ಚು.